ಪಡುವಣ ಗೋಡೆಯಿಂದ ಶುರು ಮಾಡಿ: ಬಿಸಿಲೂರಿನ ಮನೆಗೆ ಕಿಟಕಿ, ಬಾಗಿಲು ಆರಿಸುವುದು ಹೇಗೆ?

ಕಲಬುರಗಿಯಲ್ಲಿ ಮನೆ ಕಟ್ಟಿಸುವವರು ಛತ್ತು ಬಿದ್ದ ಮೇಲೆ ಕೇಳುವ ಪ್ರಶ್ನೆ ಒಂದೇ. "ಸಾಗವಾನಿ ಹಾಕಿಸಲೋ, ಯುಪಿವಿಸಿ ಹಾಕಿಸಲೋ, ಅಲ್ಯೂಮಿನಿಯಂ ಸಾಕೋ?" ಯುಪಿವಿಸಿ ಎಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟು. ನಾನು ತಿರುಗಿ ಕೇಳುತ್ತೇನೆ, "ಯಾವ ಗೋಡೆಗೆ?" ಅವರು ನನ್ನ ಮುಖ ನೋಡುತ್ತಾರೆ. ಇಡೀ ಮನೆಗೆ ಒಂದೇ ಥರದ ಕಿಟಕಿ ಅಂತ ಅಂಗಡಿಯವರು ಆಗಲೇ ಕೊಟೇಶನ್ ಕೊಟ್ಟಿರುತ್ತಾರೆ. ತಪ್ಪು ಶುರುವಾಗುವುದು ಅಲ್ಲೇ.

ನನ್ನ ತಂಗಿಯ ಮನೆಯ ಕಥೆಯೂ ಇದೇ. ಮಲಗುವ ಕೋಣೆಯ ಪಡುವಣ ಗೋಡೆಗೆ ಆರು ಅಡಿ ಅಗಲದ ಸ್ಲೈಡಿಂಗ್ ಕಿಟಕಿ, ಕಂದು ಗಾಜು. ನೋಡಲು ಚೆಂದ. ಮೊದಲ ಏಪ್ರಿಲ್‌ನಲ್ಲೇ ಆ ಕೋಣೆ ಬಿಟ್ಟು ಎಲ್ಲರೂ ಹಾಲ್‌ಗೆ ಬಂದು ಚಾಪೆ ಹಾಸಿದರು. ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿದರೆ ಹಂಚು ಮುಟ್ಟಿದ ಹಾಗೆ.

ಹೆಜ್ಜೆ 1: ನಕ್ಷೆಯ ಮೇಲೆ ದಿಕ್ಕು ಬರೆಯಿರಿ

ಫೋನಿನ ದಿಕ್ಸೂಚಿ ಸಾಕು. ಪ್ರತಿ ಕಿಟಕಿಯ ಪಕ್ಕದಲ್ಲಿ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಬರೆದಿಡಿ. ವಾಸ್ತುವಿಗೆ ನೋಡಿದ್ದನ್ನೇ ಬಿಸಿಲಿಗೂ ನೋಡುವುದು, ಅಷ್ಟೆ.

ಹೆಜ್ಜೆ 2: ಪಡುವಣ ಕಿಟಕಿಗೆ ನೆರಳು ಹುಡುಕಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಾನು ಕಂಡಿರುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಈ ಹೆಜ್ಜೆಯವೇ.

"ಛಜ್ಜಾ ಹಾಕಿದ್ದೀವಲ್ಲ, ನೆರಳು ಬರುತ್ತೆ" ಎನ್ನುತ್ತಾರೆ. ದಕ್ಷಿಣದ ಗೋಡೆಗೆ ಆ ಮಾತು ಸರಿ. ಬೇಸಿಗೆಯ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಎರಡು ಅಡಿ ಛಜ್ಜಾ ಸಾಕು. ಪಡುವಣ ಗೋಡೆಯಲ್ಲಿ ಲೆಕ್ಕ ಬೇರೆ. ಕಿಟಕಿಯ ತಲೆಗೆ ಸರಿಯಾಗಿ ಎರಡು ಅಡಿ ಛಜ್ಜಾ ಇದೆ ಎಂದುಕೊಳ್ಳಿ. ಮೇ ತಿಂಗಳ ಮಧ್ಯಾಹ್ನ 2 ಗಂಟೆಗೆ ಅದರ ನೆರಳು ನಾಲ್ಕು ಅಡಿಗಿಂತ ಜಾಸ್ತಿ ಕೆಳಗೆ ಬರುತ್ತದೆ. ಕಿಟಕಿ ಪೂರ್ತಿ ನೆರಳಿನಲ್ಲಿ. 4 ಗಂಟೆಗೆ ಸೂರ್ಯ ಇಳಿದಿರುತ್ತಾನೆ, ನೆರಳು ಒಂದೂವರೆ ಅಡಿಗೆ ಬರುತ್ತದೆ. 5 ಗಂಟೆಗೆ ಒಂದು ಅಡಿಯೂ ಇರುವುದಿಲ್ಲ. ಊರು ಕಾದು ಕೆಂಡವಾಗಿರುವ ಹೊತ್ತಿಗೇ ಛಜ್ಜಾ ಕೈಕೊಡುತ್ತದೆ.

ಎಷ್ಟು ಶಾಖ ಒಳಗೆ ಬರುತ್ತದೆ? ಐದು ಅಡಿಗೆ ನಾಲ್ಕು ಅಡಿ ಕಿಟಕಿ ಎಂದರೆ ಚೌಕಟ್ಟು ಕಳೆದು ಸುಮಾರು ಒಂದೂವರೆ ಚದರ ಮೀಟರ್ ಗಾಜು. ಸಾದಾ ಗಾಜಾದರೆ ಆ ಹೊತ್ತಿನ ನೇರ ಬಿಸಿಲಿನಲ್ಲಿ 800ರಿಂದ 900 ವ್ಯಾಟ್ ಶಾಖ ಕೋಣೆಗೆ ಇಳಿಯುತ್ತದೆ. ಮೇ ತಿಂಗಳಲ್ಲಿ ರೂಮ್ ಹೀಟರ್ ಹಚ್ಚಿಟ್ಟು ಮಲಗಿದಂತೆ ಅಲ್ವಾ? ಒಂದು ಟನ್ ಎಸಿ ತೆಗೆದು ಹಾಕುವ ಶಾಖ ಸುಮಾರು 3,500 ವ್ಯಾಟ್. ಅದರ ಕಾಲು ಭಾಗ ಈ ಒಂದು ಕಿಟಕಿಗೇ ಖರ್ಚು.

ಒಳಗೆ ದಪ್ಪ ಪರದೆ ಹಾಕಿದರೆ? ಕಣ್ಣಿಗೆ ತಂಪು, ಅಷ್ಟೆ. ಬಿಸಿಲು ಗಾಜು ದಾಟಿ ಒಳಗೆ ಬಂದಾಗಿದೆ. ಪರದೆ ಕಾಯುತ್ತದೆ, ಕಾದ ಪರದೆ ಕೋಣೆಯನ್ನು ಕಾಯಿಸುತ್ತದೆ. ತಡೆಯುವುದಿದ್ದರೆ ಗಾಜಿನ ಹೊರಗೇ ತಡೆಯಬೇಕು.

ಕಿಟಕಿಯ ಎರಡೂ ಬದಿಗೆ ನಿಲುವು ಗೋಡೆ ಎಬ್ಬಿಸಿ ಪೆಟ್ಟಿಗೆಯಂತೆ ಕಟ್ಟುವುದು ಈಗಿನ ಫ್ಯಾಷನ್. ಮನೆಯ ಮುಖಕ್ಕೆ ಅಲಂಕಾರ ಸರಿ, ಆದರೆ ಮೇ ತಿಂಗಳ ಸಂಜೆ ಸೂರ್ಯ ಹೆಚ್ಚುಕಡಿಮೆ ನೇರ ಪಡುವಣದಲ್ಲೇ ನಿಂತಿರುತ್ತಾನೆ. ಕಿಟಕಿಗೆ ಎದುರಾ ಎದುರು. ಬದಿಯ ಗೋಡೆ ಏನು ಮಾಡೀತು? ಬೇಕಾದ್ದು ಎದುರಿಗೆ ಅಡ್ಡ ನಿಲ್ಲುವಂಥದ್ದು. ಓರೆ ಪಟ್ಟಿಗಳಿರುವ ಮರದ ಅಥವಾ ಅಲ್ಯೂಮಿನಿಯಂ ಕದ, ಜಾಲಿ ಗೋಡೆ, ಬಿದಿರಿನ ತಟ್ಟಿ, ಯಾವುದಾದರೂ ಸರಿ. ನನ್ನ ಮನೆಯಲ್ಲಿ ಹೊರಗಿನಿಂದ ಇಳಿಬಿಡುವ ಬಿದಿರಿನ ತಟ್ಟಿಯಿದೆ. ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು, ನಿಜ. ಆದರೆ ಇದಕ್ಕಿಂತ ಅಗ್ಗದ ಉಪಾಯ ನನಗೆ ಸಿಕ್ಕಿಲ್ಲ. ಜಾಗ ಇದ್ದರೆ ಆ ಬದಿಗೆ ಒಂದು ಹೊಂಗೆ ಹಚ್ಚಿ. ಬೇಸಿಗೆಯ ಹೊತ್ತಿಗೆ ಹೊಸ ಚಿಗುರು ತುಂಬಿ ದಟ್ಟ ನೆರಳು ಕೊಡುವ ಮರ ಅದು.

ಇನ್ನೂ ಗೋಡೆ ಎದ್ದಿಲ್ಲ ಎಂದರೆ ನನ್ನ ಸಲಹೆ ಒಂದೇ. ಪಡುವಣದ ಕಿಟಕಿಯನ್ನು ಅರ್ಧಕ್ಕಿಳಿಸಿ. ಆ ಬೆಳಕನ್ನು ಉತ್ತರದಿಂದ ತೆಗೆದುಕೊಳ್ಳಿ. ಉತ್ತರದ ಕಿಟಕಿಗೂ ಚಿಕ್ಕದೊಂದು ಛಜ್ಜಾ ಇರಲಿ. ಕಲಬುರಗಿಯಲ್ಲಿ ಮೇ ಎರಡನೇ ವಾರದ ಹೊತ್ತಿಗೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲುತ್ತಾನೆ. ಅಲ್ಲಿಂದ ಆಗಸ್ಟ್ ಶುರುವಿನ ತನಕ ಮಧ್ಯಾಹ್ನದ ಬಿಸಿಲು ಆ ಗೋಡೆಯನ್ನೂ ಮುಟ್ಟುತ್ತದೆ.

ಹೆಜ್ಜೆ 3: ಗಾಜು

ಚೌಕಟ್ಟಿಗೆ ತಲೆ ಕೆಡಿಸಿಕೊಳ್ಳುವವರು ಗಾಜಿನ ಬಗ್ಗೆ ಕೇಳುವುದೇ ಇಲ್ಲ. ಕಿಟಕಿಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಇರುವುದು ಗಾಜೇ. ಅಂಗಡಿಯಲ್ಲಿ ಎಸ್‌ಎಚ್‌ಜಿಸಿ ಎಷ್ಟು ಎಂದು ಕೇಳಿ. ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬ ಲೆಕ್ಕ ಅದು. ಸಾದಾ ಗಾಜಿಗೆ 0.8ರ ಮೇಲೆ, ಅಂದರೆ ಹತ್ತರಲ್ಲಿ ಎಂಟು ಪಾಲು ಒಳಗೇ. ಪಡುವಣಕ್ಕೆ ನೆರಳು ಕೊಡಲು ಆಗದೇ ಹೋದರೆ 0.3ರ ಆಸುಪಾಸಿನ ಗಾಜು ಹುಡುಕಿ. ಹೆಚ್ಚಾಗಿ ಅದು ಎರಡು ಪದರದ, ಶಾಖ ತಡೆಯುವ ತೆಳು ಲೇಪನವಿರುವ ಲೋ-ಇ ಗಾಜು. ದುಬಾರಿ. ಆದ್ದರಿಂದ ಆ ಒಂದು ಗೋಡೆಗೆ ಮಾತ್ರ ಹಾಕಿಸಿ. ನೆರಳಿರುವ ಉತ್ತರ, ದಕ್ಷಿಣಕ್ಕೆ 5 ಮಿ.ಮೀ. ಸಾದಾ ಗಾಜು ಧಾರಾಳ ಸಾಕು. ಕೇಳಿದ ಪ್ರಶ್ನೆಗೆ ಅಂಗಡಿಯವರಿಗೆ ಉತ್ತರ ಗೊತ್ತಿಲ್ಲ ಎಂದರೆ ಬೇರೆ ಅಂಗಡಿ ನೋಡಿ.

ಬರೀ ಬಣ್ಣದ ಗಾಜಿಗೆ ಮರುಳಾಗಬೇಡಿ. ಅದು ಶಾಖವನ್ನು ಹೀರಿಕೊಂಡು ತಾನೇ ಕಾಯುತ್ತದೆ, ಆ ಕಾವಿನಲ್ಲಿ ಒಂದಿಷ್ಟು ಒಳಗೇ ಬರುತ್ತದೆ. ಅರ್ಧ ಬಿಸಿಲು, ಅರ್ಧ ನೆರಳು ಬೀಳುವ ಕಡೆ ಇಂಥ ಗಾಜು ತಾನೇ ಸೀಳುವುದೂ ಉಂಟು. ಕನ್ನಡಿಯಂತೆ ಹೊಳೆಯುವ ರಿಫ್ಲೆಕ್ಟಿವ್ ಗಾಜು ಇದಕ್ಕಿಂತ ವಾಸಿ. ಒಂದು ತಮಾಷೆ ಮಾತ್ರ ನೆನಪಿರಲಿ. ಹಗಲಲ್ಲಿ ಹೊರಗಿನವರಿಗೆ ಒಳಗೆ ಕಾಣುವುದಿಲ್ಲ, ರಾತ್ರಿ ನೀವು ದೀಪ ಹಾಕಿದ ಮೇಲೆ ಬೀದಿಗೆಲ್ಲ ನೀವೇ ಟಿವಿ.

ಅಗ್ಗದ ಸನ್ ಫಿಲ್ಮ್ ಅಂಟಿಸುವುದು ಬೇಡವೇ ಬೇಡ. ಎರಡು ಬೇಸಿಗೆಯಲ್ಲಿ ಗುಳ್ಳೆ ಎದ್ದು, ನೇರಳೆ ಬಣ್ಣಕ್ಕೆ ತಿರುಗುತ್ತದೆ. ಕಿತ್ತರೆ ಅಂಟು ಹೋಗುವುದಿಲ್ಲ.

ಹೆಜ್ಜೆ 4: ಚೌಕಟ್ಟು

ಈಗ ಬನ್ನಿ ನಿಮ್ಮ ಮೂಲ ಪ್ರಶ್ನೆಗೆ.

*ಅಲ್ಯೂಮಿನಿಯಂ.* ಗೆದ್ದಲಿಲ್ಲ, ತುಕ್ಕಿಲ್ಲ, ಅಗ್ಗ. ಆದರೆ ಮರಕ್ಕೆ ಹೋಲಿಸಿದರೆ ಸಾವಿರ ಪಟ್ಟು ಸಲೀಸಾಗಿ ಶಾಖ ಹರಿಸುತ್ತದೆ. ಮೇ ತಿಂಗಳಲ್ಲಿ ಒಳಗಿನ ಚಿಲಕ ಮುಟ್ಟಿ ನೋಡಿ, ಗೊತ್ತಾಗುತ್ತದೆ. ನೆರಳಿರುವ ಗೋಡೆಗೆ, ಅಡುಗೆ ಮನೆಗೆ ಹಾಕಿಸಿ. ಪಡುವಣಕ್ಕೆ ಬೇಡ.

*ಯುಪಿವಿಸಿ.* ಶಾಖ ತಡೆಯುವುದರಲ್ಲಿ ಮರಕ್ಕೆ ಸಮ. ನನಗೂ ಇಷ್ಟ, ಆದರೆ ಮೂರು ಷರತ್ತು. ಒಂದು, ಬಿಳಿ ಬಣ್ಣವೇ ಇರಲಿ. ಮರದ ಬಣ್ಣದ, ಕಪ್ಪು ಬಣ್ಣದ ಪಟ್ಟಿಗಳು ನಮ್ಮ ಬಿಸಿಲಿಗೆ ವಿಪರೀತ ಕಾಯುತ್ತವೆ, ಹಿಗ್ಗುತ್ತವೆ. ಎರಡು, ಒಳಗೆ ಜಿಐ, ಅಂದರೆ ಸತು ಲೇಪಿಸಿದ ಸ್ಟೀಲ್ ಪಟ್ಟಿ ಇರಲೇಬೇಕು. ಕೊಟೇಶನ್‌ನಲ್ಲಿ ಬರೆದಿರುತ್ತಾರೆ, ಒಳಗೆ ಇರುವುದಿಲ್ಲ. ಜೇಬಲ್ಲಿ ಒಂದು ಗಟ್ಟಿ ಅಯಸ್ಕಾಂತ ಇಟ್ಟುಕೊಂಡು ಹೋಗಿ ಚೌಕಟ್ಟಿನ ಉದ್ದಕ್ಕೂ ಆಡಿಸಿ. ಎಳೆದರೆ ಸ್ಟೀಲ್ ಇದೆ, ಜಾರಿದರೆ ಟೊಳ್ಳು. ಸ್ಟೀಲ್ ಇಲ್ಲದ ದೊಡ್ಡ ಕದ ಒಂದೇ ಬೇಸಿಗೆಗೆ ಬಾಗಿ ಚಿಲಕ ಕೂರದಂತಾಗುತ್ತದೆ. ಮೂರು, ಹೆಸರೇ ಕೇಳದ ಅಗ್ಗದ ಮಾಲು ಬೇಡ. ಬಿಸಿಲು ತಡೆಯುವ ಅಂಶ ಕಡಿಮೆ ಹಾಕಿದ ಪಟ್ಟಿ ಹಳದಿಗೆ ತಿರುಗಿ, ಉಜ್ಜಿದರೆ ಸುಣ್ಣದಂಥ ಪುಡಿ ಬಿಡುತ್ತದೆ.

*ಮರ.* ಸಾಗವಾನಿ, ಹೊನ್ನೆ, ಮತ್ತಿ ಒಳ್ಳೆಯವು. ಬೇವು, ಕರಿಜಾಲಿ ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇಂದಿಗೂ ಗಟ್ಟಿಯಾಗಿ ನಿಂತಿವೆ. ಮಾವು ಬೇಡ, ಹುಳ ಕಾದಿರುತ್ತದೆ. ಹೆಸರಿಗಿಂತ ಮುಖ್ಯ, ಮರ ಒಣಗಿರಬೇಕು. "ಒಣಗೇತ್ರಿ ಸಾಹೇಬ್ರ, ಏನೂ ಆಗಂಗಿಲ್ಲ" ಎಂದು ಎಲ್ಲ ಮರದ ಅಡ್ಡೆಯಲ್ಲೂ ಹೇಳುತ್ತಾರೆ. ನಂಬಬೇಡಿ, ತೂಗಿ. ಹಲಗೆಯ ತುದಿ ಬಿಟ್ಟು ಒಳಭಾಗದಿಂದ ಒಂದು ತುಂಡು ಕೊಯ್ಸಿ, ಅಡುಗೆ ಮನೆಯ ತಕ್ಕಡಿಯಲ್ಲಿ ತೂಗಿ. ಆಮೇಲೆ ಓವನ್‌ನಲ್ಲಿ 100 ಡಿಗ್ರಿಗಿಂತ ಸ್ವಲ್ಪ ಮೇಲಿನ ಬಿಸಿಗೆ ಇಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. 115 ಗ್ರಾಂ ಇದ್ದದ್ದು 100ಕ್ಕೆ ನಿಂತರೆ ತೇವ ಶೇ 15. ನಮ್ಮ ಒಣ ಹವೆಗೆ ಶೇ 12ರ ಆಸುಪಾಸು ಇರಬೇಕು. ಶೇ 20 ದಾಟಿದ್ದರೆ ಆ ಮರ ನಿಮ್ಮ ಗೋಡೆಯಲ್ಲೇ ನಿಂತು ಒಣಗುತ್ತದೆ. ಒಣಗುವಾಗ ಕುಗ್ಗುತ್ತದೆ. ಮಳೆಗಾಲದಲ್ಲಿ ಮರ ತಂದು ಕೂರಿಸಿದ ಒಂದು ಮನೆಯಲ್ಲಿ ಏಪ್ರಿಲ್ ಹೊತ್ತಿಗೆ ಪ್ಲಾಸ್ಟರ್‌ಗೂ ಚೌಕಟ್ಟಿಗೂ ನಡುವೆ ಐದು ರೂಪಾಯಿ ನಾಣ್ಯ ತೂರುವಷ್ಟು ಸಂದಾಗಿತ್ತು. ಬಾಗಿಲ ಹಲಗೆಯ ಬಿರುಕಿನಿಂದ ಬೀದಿ ಕಾಣುತ್ತಿತ್ತು.

ತುಂಡಿನ ಅಡ್ಡ ಕೊಯ್ತವನ್ನೂ ನೋಡಿ. ಬೆಳ್ಳಗಿರುವ ಹೊರಭಾಗ ಗೆದ್ದಲಿಗೆ ಹಬ್ಬದೂಟ. ಎಳೆಯ ತೋಟದ ತೇಗದಲ್ಲಿ ಇದು ಜಾಸ್ತಿ. ಎಣ್ಣೆ, ಕೆಂಪು ಬಣ್ಣ ಸವರಿ ಮುಚ್ಚಿರುತ್ತಾರೆ, ಉಗುರಿನಿಂದ ಕೆರೆದು ನೋಡಿ. ಬಿಲ್ಲನ್ನೂ ನೀವೇ ಲೆಕ್ಕ ಹಾಕಿ. ಏಳು ಅಡಿಗೆ ಮೂರೂವರೆ ಅಡಿ ಬಾಗಿಲಿಗೆ ಹೊಸ್ತಿಲೂ ಸೇರಿ 5 ಇಂಚು, 3 ಇಂಚಿನ ಚೌಕಟ್ಟು ಎಂದರೆ ಸುಮಾರು 2.2 ಸಿಎಫ್‌ಟಿ (ಘನ ಅಡಿ). ಅವರು ಮೂರು ಬರೆದಿದ್ದರೆ ಯಾಕೆ ಎಂದು ಕೇಳಿ.

ಕೈಯಲ್ಲಿ ದುಡ್ಡು ಬಿಗಿಯಾಗಿದ್ದರೆ ಸಿಮೆಂಟಿನ ಚೌಕಟ್ಟು ಹಾಕಿಸಿ, ಕದ ಮಾತ್ರ ಮರದ್ದು ಮಾಡಿಸಿ. ನಾಚಿಕೆಪಡುವಂಥದ್ದೇನಿಲ್ಲ. ಬಣ್ಣ ಹೊಡೆದ ಮೇಲೆ ಯಾರಿಗೆ ಗೊತ್ತಾಗುತ್ತದೆ?

ಹೆಜ್ಜೆ 5: ಸ್ಲೈಡಿಂಗ್ ಬೇಡ, ಕದವೇ ಇರಲಿ

ಬಿಸಿಲೂರಿನ ಮನೆ ತಂಪಾಗುವುದು ರಾತ್ರಿ. ಹಗಲಲ್ಲಿ ಮುಚ್ಚಿ, ಕತ್ತಲಾದ ಮೇಲೆ ಪೂರ್ತಿ ತೆರೆಯುವುದು ನಮ್ಮ ಅಜ್ಜಂದಿರ ರೂಢಿ. ಎರಡು ಹಳಿಯ ಸ್ಲೈಡಿಂಗ್ ಕಿಟಕಿ ಎಷ್ಟು ಎಳೆದರೂ ಅರ್ಧವೇ ತೆರೆಯುವುದು. 2018ರಲ್ಲಿ ಕೇಂದ್ರ ಸರ್ಕಾರ ಮನೆಗಳಿಗೆಂದೇ ತಂದ ಇಕೋ-ನಿವಾಸ್ ಸಂಹಿತೆ, ಬಿಸಿ ಮತ್ತು ಒಣ ಹವೆಯ ಕಡೆ ನೆಲದ ವಿಸ್ತೀರ್ಣದ ಕನಿಷ್ಠ ಶೇ 10ರಷ್ಟು ತೆರೆಯುವ ಜಾಗ ಇರಲಿ ಎನ್ನುತ್ತದೆ. ಅದೇ ಲೆಕ್ಕದಲ್ಲಿ 120 ಚದರ ಅಡಿಯ ಕೋಣೆಗೆ 12 ಚದರ ಅಡಿ ಬೇಕು. ನಾಲ್ಕು ಅಡಿಗೆ ನಾಲ್ಕು ಅಡಿಯ ಸ್ಲೈಡಿಂಗ್ ಕೊಡುವುದು ಎಂಟೇ. ಅದೇ ಅಳತೆಯ ಕದದ ಕಿಟಕಿ ಹೆಚ್ಚುಕಡಿಮೆ ಪೂರ್ತಿ ಕೊಡುತ್ತದೆ. ಮೇಲಾಗಿ ನಮ್ಮ ದೂಳಿಗೆ ಸ್ಲೈಡಿಂಗ್ ಹಳಿಯ ಗಾಲಿಗಳು ಬೇಗ ಸವೆಯುತ್ತವೆ. ಸೊಳ್ಳೆ ಪರದೆಯನ್ನು ಕದದ ಜೊತೆಗೇ ಮಾಡಿಸಿ. ಆಮೇಲೆ ನೋಡೋಣ ಎಂದರೆ ಆಮೇಲೆ ಯಾರೂ ಕಿಟಕಿ ತೆರೆಯುವುದಿಲ್ಲ.

ಹೆಜ್ಜೆ 6: ಬಾಗಿಲು

ಬಚ್ಚಲಿಗೆ ಪಿವಿಸಿ ಅಥವಾ ಡಬ್ಲ್ಯುಪಿಸಿ (ಮರದ ಪುಡಿ ಬೆರೆಸಿದ ಪ್ಲಾಸ್ಟಿಕ್) ಕದ, ಗ್ರಾನೈಟ್ ಚೌಕಟ್ಟು. ಒಳಕೋಣೆಗಳಿಗೆ ಐಎಸ್ 2202 ಎಂಬ ಭಾರತೀಯ ಮಾನಕದ ಗುರುತಿರುವ ಫ್ಲಶ್ ಡೋರ್, ಅಂದರೆ ಎರಡೂ ಬದಿ ಸಪಾಟಾಗಿರುವ ಪ್ಲೈವುಡ್ ಕದ. ಮುಗಿಯಿತು.

ತಲೆಬಾಗಿಲು ಪಡುವಣಕ್ಕಿದ್ದರೆ ಮಾತ್ರ ಎಚ್ಚರ. ಲ್ಯಾಮಿನೇಟ್ ಅಂಟಿಸಿದ ಕದ ಬಿಸಿಲಿಗೆ ಅಂಚಿನಿಂದ ಸಿಪ್ಪೆ ಏಳುತ್ತದೆ. ಮರದ ಚಿತ್ರ ಅಚ್ಚೊತ್ತಿದ ಸ್ಟೀಲ್ ಬಾಗಿಲು ಈಗ ಎಲ್ಲೆಲ್ಲೂ ಕಾಣುತ್ತದೆ. ಸಂಜೆ ನಾಲ್ಕಕ್ಕೆ ಅದರ ಹಿಡಿಕೆ ಹಿಡಿದು ನೋಡಿ, ಆಮೇಲೆ ಕೊಳ್ಳಿ. ನನ್ನ ಮತ ಗಟ್ಟಿ ಮರದ ಹಲಗೆ ಬಾಗಿಲಿಗೇ. ಒಳಾಂಗಣದ ಮೆಲಮೈನ್ ಪಾಲಿಶ್ ಹೊರಗೆ ಹಚ್ಚಿದರೆ ಬಿರುಕು ಬಿಡುತ್ತದೆ. ಹೊರಗಿನ ಬಿಸಿಲಿಗೆಂದೇ ಬರುವ ಪಿಯು (ಪಾಲಿಯುರೆಥೇನ್) ಪಾಲಿಶ್ ಹಚ್ಚಿಸಿ. ಅಥವಾ ವರ್ಷಕ್ಕೊಮ್ಮೆ ದೀಪಾವಳಿ ಮುಂಚೆ ಅಗಸೆ ಎಣ್ಣೆ ಉಜ್ಜಿ. ನಾನು ಎರಡನೆಯದನ್ನೇ ಮಾಡುವುದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಎಸೆಯಬೇಡಿ, ತಾನೇ ಹೊತ್ತಿಕೊಳ್ಳಬಹುದು. ಬಿಡಿಸಿ ಒಣಹಾಕಿ.

ಹೆಜ್ಜೆ 7: ಕೂರಿಸುವುದು

ಮರದ ಚೌಕಟ್ಟಾದರೆ ಗೋಡೆಗೆ ತಾಗುವ ಬದಿಗೆ ಮೊದಲೇ ಪ್ರೈಮರ್ ಇಲ್ಲವೇ ಡಾಂಬರು ಬಳಿಸಿ. ಗೆದ್ದಲು ಬರುವುದು ಕಣ್ಣಿಗೆ ಕಾಣದ ಆ ಬದಿಯಿಂದಲೇ. ಯುಪಿವಿಸಿಯ ಅಳತೆ ಪ್ಲಾಸ್ಟರ್ ಮುಗಿದ ಮೇಲೆ ತೆಗೆಯಬೇಕು. ಅಗಲ ಮೂರು ಕಡೆ, ಎತ್ತರ ಮೂರು ಕಡೆ, ಎಲ್ಲಕ್ಕಿಂತ ಚಿಕ್ಕದೇ ಲೆಕ್ಕಕ್ಕೆ. ಸುತ್ತಲೂ 5 ಮಿ.ಮೀ. ಸಂದು ಬಿಡಬೇಕು, ಒಂದೂವರೆ ಮೀಟರ್ ಪಟ್ಟಿ ನಮ್ಮ ಬೇಸಿಗೆಗೆ 3 ಮಿ.ಮೀ. ತನಕ ಹಿಗ್ಗುತ್ತದೆ. ಆ ಸಂದಿಗೆ ಸಿಮೆಂಟ್ ಮೆತ್ತಲು ಬಂದ ಗೌಂಡಿಯ ಕೈ ಹಿಡಿಯಿರಿ. ಅಲ್ಲಿಗೆ ಫೋಮ್, ಹೊರಗೆ ಸಿಲಿಕೋನ್.

ಕೊನೆಯ ಕಂತು ಕೊಡುವ ಮೊದಲು ಮುಚ್ಚಿದ ಕಿಟಕಿಗೆ ಹೊರಗಿನಿಂದ ಹತ್ತು ನಿಮಿಷ ಪೈಪ್‌ನಲ್ಲಿ ನೀರು ಬಿಡಿ. ಒಳಗೆ ಹನಿ ಕಂಡರೆ ಗಾಳಿಯೂ ದೂಳೂ ಅದೇ ದಾರಿಯಲ್ಲಿ ಬರುತ್ತವೆ. ಸರಿಮಾಡಿಸಿ, ಆಮೇಲೆ ದುಡ್ಡು ಕೊಡಿ.