ಪಿಸಿಓಡಿ ಟೆಸ್ಟ್: ರಕ್ತ ಯಾವತ್ತು ಕೊಡಬೇಕು?

ಪಿಸಿಓಡಿ ಅಂದರೆ ಹಾರ್ಮೋನ್ ಏರುಪೇರಾಗಿ ಅಂಡಾಶಯ ಸರಿಯಾಗಿ ಕೆಲಸ ಮಾಡದ, ಮುಟ್ಟು ಏರುಪೇರಾಗುವ ತೊಂದರೆ. ಶಿರಾ, ಮಧುಗಿರಿ ಕಡೆಯಿಂದ ಬೆಳಗಿನ ಬಸ್ಸಿಗೆ ತುಮಕೂರಿಗೆ ಬಂದು, ದಿನ ನೋಡದೆ ಹಾರ್ಮೋನ್ ಟೆಸ್ಟಿಗೆ ರಕ್ತ ಕೊಟ್ಟು ಹೋಗುವ ಹೆಣ್ಣುಮಕ್ಕಳನ್ನು ನೋಡುತ್ತಲೇ ಇರುತ್ತೇನೆ. ದುಡ್ಡೂ ಹೋಗುತ್ತದೆ, ರಿಪೋರ್ಟೂ ಕೆಲಸಕ್ಕೆ ಬರುವುದಿಲ್ಲ.

ಮೊದಲು ಹಿಂದಿನ ಆರು ತಿಂಗಳ ಮುಟ್ಟಿನ ತಾರೀಖು ಚೀಟಿಯಲ್ಲಿ ಬರೆದುಕೊಳ್ಳಿ.

ಆಮೇಲೆ ರಕ್ತ. ಎಲ್ಲರೂ ಎಡವುವುದು ಇಲ್ಲೇ. ಅಂಡಾಶಯವನ್ನು ಕೆಲಸಕ್ಕೆ ಹಚ್ಚುವ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನೋ ಹಾರ್ಮೋನುಗಳ ಮಟ್ಟ ತಿಂಗಳಿಡೀ ಏರಿಳಿಯುತ್ತದೆ. ಹಾಗಾಗಿ ಮುಟ್ಟಾದ 2ರಿಂದ 5ನೇ ದಿನದೊಳಗೆ ಬೆಳಿಗ್ಗೆ ಕೊಡಿ. ಚೆನ್ನಾಗಿ ಹೋಗಲು ಶುರುವಾದ ದಿನವೇ ಒಂದನೇ ದಿನ, ಹಿಂದಿನ ದಿನದ ಸಣ್ಣ ಕಲೆ ಲೆಕ್ಕಕ್ಕಿಲ್ಲ. ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರೆ ಟೆಸ್ಟೋಸ್ಟೆರಾನ್ (ಗಂಡು ಹಾರ್ಮೋನ್) ಸರಿಯಾಗಿ ತಿಳಿಯುವುದಿಲ್ಲ, ಬಿಟ್ಟು ಮೂರು ತಿಂಗಳಾಗಬೇಕು. ಡಾಕ್ಟರನ್ನು ಕೇಳದೆ ನೀವೇ ಬಿಡಬೇಡಿ. ಕೂದಲು ಉದುರುತ್ತದೆ ಅಂತ ನುಂಗುವ ಬಯೋಟಿನ್ ಮಾತ್ರೆಯೂ ರಿಪೋರ್ಟನ್ನು ತಪ್ಪು ತೋರಿಸಬಲ್ಲದು, ಲ್ಯಾಬಿನವರಿಗೆ ಮೊದಲೇ ಹೇಳಿ. ಮುಟ್ಟೇ ಆಗುತ್ತಿಲ್ಲ ಅಂದರೆ ಗರ್ಭಿಣಿಯಲ್ಲ ಅಂತ ಖಾತ್ರಿ ಮಾಡಿಕೊಂಡು ಡಾಕ್ಟರೇ ದಿನ ಹೇಳುತ್ತಾರೆ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಮುಟ್ಟು ಬರಿಸುವ ಮಾತ್ರೆ ಕೇಳಿ ತಗೊಳ್ಳಲೇಬೇಡಿ.

ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್) ಟೆಸ್ಟೂ ಅದೇ ರಕ್ತದಲ್ಲಿ ಆಗುತ್ತದೆ. ಶುಗರ್‌ಗೆ 75 ಗ್ರಾಂ ಗ್ಲೂಕೋಸ್ ಕುಡಿಸುವ ಟೆಸ್ಟನ್ನೇ ಕೇಳಿ. ಖಾಲಿ ಹೊಟ್ಟೆಯಲ್ಲಿ ಹೋಗಿ, ಎರಡು ಗಂಟೆ ಕಾಯಬೇಕು.

ಹೊಟ್ಟೆ ಮೇಲಿನ ಸ್ಕ್ಯಾನಿಗೆ ನೀರು ಕುಡಿದು ಮೂತ್ರ ತಡೆದುಕೊಂಡು ಹೋಗಿ. ಮೊದಲ ಮುಟ್ಟಾಗಿ ಎಂಟು ವರ್ಷ ಆಗದ ಹುಡುಗಿಗೆ ಪಿಸಿಓಡಿ ಹುಡುಕಲು ಸ್ಕ್ಯಾನ್ ಬೇಡ. ಆ ವಯಸ್ಸಲ್ಲಿ ಆರೋಗ್ಯವಂತ ಅಂಡಾಶಯವೂ ಪಿಸಿಓಡಿ ಇದ್ದ ಹಾಗೇ ಕಾಣಬಹುದು.

ಸ್ಕ್ಯಾನಿನಲ್ಲಿ ಅಂಡಾಶಯದಲ್ಲಿ 'ನೀರಿನ ಗುಳ್ಳೆ' ಇದೆ ಅಂದ ಕೂಡಲೇ ಅಮ್ಮಂದಿರು ಗಾಬರಿಯಾಗುತ್ತಾರೆ. ಅವು ಗಡ್ಡೆಯಲ್ಲ, 2ರಿಂದ 9 ಮಿಲಿಮೀಟರಿನಲ್ಲೇ ನಿಂತುಹೋದ ಅಂಡಕೋಶಗಳು, ಅಂದರೆ ಅಂಡಾಣು ಬೆಳೆಯುವ ಪುಟ್ಟ ಚೀಲಗಳು. ಸಾಮಾನ್ಯವಾಗಿ ತಿಂಗಳಿಗೊಂದು ಮಾತ್ರ 20 ಮಿಲಿಮೀಟರ್ ಹತ್ತಿರಕ್ಕೆ ಬೆಳೆದು, ಒಡೆದು ಅಂಡಾಣು ಬಿಡುತ್ತದೆ. ಪಿಸಿಓಡಿ ಇರುವವರಲ್ಲಿ ಹೆಚ್ಚಾಗಿ ಎಲ್‌ಎಚ್ ಮತ್ತು ಇನ್ಸುಲಿನ್ ಜಾಸ್ತಿಯಾಗಿ ಅಂಡಾಶಯ ಗಂಡು ಹಾರ್ಮೋನನ್ನು ಜಾಸ್ತಿ ತಯಾರಿಸುತ್ತದೆ. ಎಫ್‌ಎಸ್‌ಎಚ್ ಸಾಲದೆ ಯಾವ ಅಂಡಕೋಶವೂ ಮುಂದಕ್ಕೆ ಬೆಳೆಯುವುದಿಲ್ಲ. 'ಗುಳ್ಳೆ ಕರಗಿಸುವ' ಪುಡಿಗೆ ದುಡ್ಡು ಹಾಕಬೇಡಿ. ಕರಗಿಸಬೇಕಾದ್ದು ಅಲ್ಲಿ ಏನೂ ಇಲ್ಲ.

ಸ್ಕ್ಯಾನ್ ಒಂದನ್ನೇ ನೋಡಿ ಪಿಸಿಓಡಿ ಅಂದರೆ ಒಪ್ಪಬೇಡಿ. ಮುಟ್ಟಿನ ಏರುಪೇರು, ಗಂಡು ಹಾರ್ಮೋನ್ ಜಾಸ್ತಿ ಇರುವ ಲಕ್ಷಣ (ಮುಖದ ಮೇಲೆ ದಪ್ಪ ಕೂದಲಿನಂಥದ್ದು) ಅಥವಾ ರಿಪೋರ್ಟ್, ಸ್ಕ್ಯಾನ್: ಈ ಮೂರರಲ್ಲಿ ಎರಡಾದರೂ ಇರಬೇಕು. ಹದಿಹರೆಯದವರಿಗೆ ಮೊದಲಿನ ಎರಡೂ ಇರಲೇಬೇಕು.