ಮಹಾಸಭೆಯಲ್ಲಿ ದೇವರ ಮಾತು ಎತ್ತಿದ್ದು: ನನ್ನ ಅನುಭವ

‘ಸಭೆಯಲ್ಲಿ ದೇವರ ವಿಷಯ ಎತ್ತಬೇಡಿ, ಜಗಳ ಆಗುತ್ತೆ’ ಅಂತ ನನಗೆ ಬುದ್ಧಿ ಹೇಳದವರಿಲ್ಲ. ಪರಿಸರ ಅನ್ನಿ, ಕಾನೂನು ಅನ್ನಿ, ದೇವರು ಮಾತ್ರ ಬೇಡ ಅಂದರು. ಕೊನೆಗೆ ನಮ್ಮೂರ ಕಾಡು ಉಳಿಸುವ ಕೆಲಸ ಆಗಿದ್ದು ದೇವರ ಮಾತಿನಿಂದಲೇ. ಅವರೆಲ್ಲ ಓದಲಿ ಅಂತಲೇ ಬರೆಯುತ್ತಿದ್ದೇನೆ.

ಕೊಡಗಿನ ನಮ್ಮೂರಿನದು ಅಯ್ಯಪ್ಪ ದೇವರ ಕಾಡು, ಐದಾರು ಎಕರೆ. ಗುಡಿ ಇಲ್ಲ. ಮರದ ಬುಡದಲ್ಲಿ ಕಲ್ಲು, ಸುತ್ತ ಹರಕೆಯ ಮಣ್ಣಿನ ನಾಯಿಗಳು. ಜ್ಯೋತಿಷಿಗಳಿಂದ ಅಷ್ಟಮಂಗಲ ಪ್ರಶ್ನೆ ಇಡಿಸಿದಾಗ ಕಲ್ಲಿನ ಗುಡಿ ಆಗಬೇಕು ಅಂತ ಬಂತು. ಗುಡಿಯ ಬೆನ್ನಿಗೆ ಸಮುದಾಯ ಭವನ, ಪಾರ್ಕಿಂಗ್ ಎಲ್ಲ ಸೇರಿಕೊಂಡವು. ಊರು ಎರಡು ಪಾಲಾಯಿತು. ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಗುವುದೂ ನಿಂತಿತು.

ಮೊದಲು ಪರಿಸರ ಹಿಡಿದೆ. ಮೈಸೂರಿನಿಂದ ಒಬ್ಬ ಮೇಷ್ಟ್ರನ್ನು ಕರೆಸಿದೆ. ಕಾರು, ಊಟ, ಪ್ರೊಜೆಕ್ಟರ್ ಸೇರಿ 8,000 ರೂಪಾಯಿ ಹತ್ತಿರ ಹೋಯಿತು. ಜಿಲ್ಲೆಯಲ್ಲಿ ಸುಮಾರು 1,200 ದೇವರ ಕಾಡುಗಳಿವೆ, 1905ರಲ್ಲಿ 6,000 ಹೆಕ್ಟೇರ್ ಮೀರಿದ್ದದ್ದು 1985ರ ಹೊತ್ತಿಗೆ 2,500ರ ಆಸುಪಾಸಿಗೆ ಇಳಿದಿದೆ ಅಂತ ಚೆನ್ನಾಗಿಯೇ ಹೇಳಿದರು. ಜನ ವಡೆ ತಿಂದು ಎದ್ದು ಹೋದರು. ನಾನು 2018ರ ಗುಡ್ಡ ಕುಸಿತ ನೆನಪಿಸಿದೆ. ‘ಕಾಡಿದ್ದ ಗುಡ್ಡವೂ ಜಾರಿತಲ್ಲ’ ಅಂದ ಒಬ್ಬ ಹುಡುಗ. ಸುಳ್ಳೇನಲ್ಲ, ಅಲ್ವಾ?

ಆಮೇಲೆ ಕಾನೂನು. ವಕೀಲರಿಗೆ ಒಂದು 10,000. ಕಾಡು ಯಾರದೇ ಇರಲಿ, ಕೇಂದ್ರದ ಒಪ್ಪಿಗೆ ಇಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ ಅನ್ನುವ 1996ರ ಸುಪ್ರೀಂ ಕೋರ್ಟ್ ಆದೇಶದ ಪ್ರತಿ ಹಂಚಿದೆ. ‘ಇವನು ಊರಿನ ಮೇಲೆ ಕೇಸು ಹಾಕ್ತಾನೆ’ ಅನ್ನುವ ಹೆಸರು ಬಂತು, ಅಷ್ಟೇ ಲಾಭ. ‘ಮರ ಕಡಿದರೆ ದೇವರು ಸುಮ್ನೆ ಬಿಡಲ್ಲ’ ಅಂತಲೂ ಹೆದರಿಸಿ ನೋಡಿದ್ದಾಯಿತು. ‘ಏನ್ ಅಣ್ಣ, ದೇವರು ನಿಮಗೆ ಫೋನ್ ಮಾಡಿದ್ರಾ?’ ಅಂತ ಹಿಂದಿನ ಸಾಲಿನಿಂದ ಬಂತು. ಸಭೆಯೇ ನಕ್ಕಿತು.

ಗುಡಿ ಬೇಕು ಅನ್ನುವವರ ಮುಖಂಡರು ನನಗೆ ಸಂಬಂಧದಲ್ಲಿ ಮಾವ ಆಗಬೇಕು. ಅವರ ಮಾತನ್ನು ನಾನು ನಿಜವಾಗಿ ಕೇಳಿಸಿಕೊಂಡದ್ದು ಒಂದು ಸಂಜೆ ಅವರ ಮನೆ ಜಗಲಿಯಲ್ಲಿ. ‘ದೇವರು ಮಳೆಯಲ್ಲಿ ನೆನೀತಾ ಇರುವಾಗ ನಾವು ಆರ್‌ಸಿಸಿ ಮನೆಯಲ್ಲಿ ಮಲಗೋದು ಹೇಗಪ್ಪಾ?’ ಅಂದರು. ಅದೂ ಭಕ್ತಿಯೇ. ಇಂಥವರ ಮುಂದೆ ಹೆಕ್ಟೇರ್ ಲೆಕ್ಕ ಹೇಳಿ ಏನು ಉಪಯೋಗ?

ಮುಂದಿನ ಮಹಾಸಭೆಯಲ್ಲಿ ಮೊದಲು ಎದ್ದು ಮಾವನ ಈ ಮಾತನ್ನೇ ಹೇಳಿದೆ, ಅವರ ಶಬ್ದದಲ್ಲೇ. ಅವರು ತಲೆಯಾಡಿಸಿದ ಮೇಲೆ ಒಂದು ಕೋರಿಕೆ ಇಟ್ಟೆ: ಗುಡಿ ಬೇಕೋ ಬೇಡವೋ ಆಮೇಲೆ ನೋಡೋಣ, ಈ ದೇವರಿಗಾಗಿ ನಿಮ್ಮ ಮನೆಯವರು ಏನು ಮಾಡುತ್ತಾರೆ, ಏನು ಬಿಡುತ್ತಾರೆ, ಒಬ್ಬೊಬ್ಬರೇ ಹೇಳಿ. ದೇವರ ಕೆಲಸಕ್ಕೆ ಊರಿನ ಮುಖ್ಯಸ್ಥರಾದ ತಕ್ಕರಿಂದ ಶುರು ಮಾಡಲಿಲ್ಲ. ಹಬ್ಬದಲ್ಲಿ ವಾದ್ಯ ನುಡಿಸುವ ಮೇದರ ಹಿರಿಯರನ್ನು ಕೇಳಿದೆ. ಆ ಸಭೆಯಲ್ಲಿ ಅವರನ್ನು ಯಾರೂ ಏನೂ ಕೇಳಿದ್ದೇ ಇಲ್ಲ.

‘ಕಟ್ಟು (ಹಬ್ಬಕ್ಕೆ ಮೊದಲು ಊರು ಹಾಕಿಕೊಳ್ಳುವ ನಿಷೇಧ) ಬಿದ್ದ ಮೇಲೆ ಹಬ್ಬ ಮುಗಿಯುವ ತನಕ ನಮ್ಮ ಮನೆಯಲ್ಲಿ ಹಸಿ ಬಿದಿರಿಗೆ ಕತ್ತಿ ಹಾಕಲ್ಲ. ಬುಟ್ಟಿ ಇಲ್ಲ, ದುಡ್ಡೂ ಇಲ್ಲ. ಹಂಗೇ ಇರ್ತೀವಿ’ ಅಂದರು.

ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಯಾರೂ ‘ದೇವರು ಹೀಗೆ ಹೇಳಿದ್ದಾನೆ’ ಅನ್ನಲಿಲ್ಲ, ‘ನಾವು ಹೀಗೆ ನಡೆದುಕೊಳ್ಳುತ್ತೇವೆ’ ಅಂದರು. ನಡೆದುಕೊಳ್ಳುವುದರ ಮೇಲೆ ವಾದ ಹೂಡುವುದು ಕಷ್ಟ. ಕೊನೆಗೆ ನನ್ನದು: ‘ಆ ಕಾಡಿನೊಳಗೆ ಜೆಸಿಬಿ ಹೋಗುವುದನ್ನು ನೋಡಲು ನನ್ನಿಂದ ಆಗಲ್ಲ. ಭವನ ಬೇಡ ಅನ್ನಲ್ಲ. ರಸ್ತೆ ಬದಿಯ ನನ್ನ ತೋಟದಲ್ಲಿ 15 ಸೆಂಟ್ ಬಿಟ್ಟುಕೊಡುತ್ತೇನೆ.’ ರೊಬಸ್ಟಾ ಚೆರಿ ಕಾಫಿ ಚೀಲಕ್ಕೆ 10,000 ದಾಟಿದ ಕಾಲ ಅದು. 60 ಗಿಡ ಹೋದವು. ಮನೆಯಲ್ಲಿ ಇವತ್ತಿಗೂ ಅದರ ಮಾತು ಕೇಳುತ್ತಿರುತ್ತೇನೆ. ಆದರೆ ಕೈಯಿಂದ ಏನೂ ಬಿಡದೆ ನಂಬಿಕೆ ಅಂದಿದ್ದರೆ ಮತ್ತೆ ಫೋನಿನ ಜೋಕೇ ಬರುತ್ತಿತ್ತು.

ಯಾರನ್ನು ಯಾರ ನಂತರ ಎಬ್ಬಿಸಿದೆ, ಹಿಂದಿನ ರಾತ್ರಿ ತಕ್ಕರ ಹತ್ತಿರ ಏನು ಮಾತಾಡಿಕೊಂಡೆ, ಅದನ್ನು ಇಲ್ಲಿ ಬರೆಯಲ್ಲ. ಮುಂದೆ ಬೇಕಾಗುತ್ತದೆ.

ಇದನ್ನೇ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮಾಡಿ ನೋಡಿದೆ, ಪೂರ್ತಿ ಠುಸ್. ಮುಖ ಕಾಣದ ಕಡೆ ಇದು ನಡೆಯಲ್ಲ. ಹಬ್ಬದ ದಿನ ಕಾಡಿನ ಹತ್ತಿರ ಕುಡಿಯುವ ವಿಷಯದಲ್ಲಿ ಅರ್ಧ ಫಲ: ಬಾಟಲಿ ಎಸೆಯುವುದು ನಿಂತಿದೆ, ಕುಡಿಯುವುದು ನಿಂತಿಲ್ಲ. ಮಾಪಿಳ್ಳೆ ಗೆಳೆಯನೊಬ್ಬ ಅವರ ಊರಿನ ಉರೂಸಿನಲ್ಲಿ ರಾತ್ರಿ 10ರ ಮೇಲಿನ ಮೈಕಿನ ಬಗ್ಗೆ ಇದೇ ದಾರಿ ಹಿಡಿದ. ತನ್ನ ಪಾಲಿನ ಓದನ್ನು ಮೈಕಿಲ್ಲದೆ ಓದುತ್ತೇನೆ ಅಂತ ತಾನೇ ಮೊದಲು ಹೇಳಿದನಂತೆ. ಅವನಿಗೆ ನನಗಿಂತ ಬೇಗ ಕೆಲಸ ಆಯಿತು, ಖರ್ಚೂ ಇಲ್ಲ.

ಕಾಡಿನೊಳಗೆ ಯಂತ್ರ ಬರಬಾರದು ಅಂತ ಠರಾವು ಬರೆದಿದ್ದೇವೆ. ಗುಡಿಯ ವಿಷಯ ಇನ್ನೂ ಮುಗಿದಿಲ್ಲ. ಮಾವ ಸಣ್ಣ ಹೆಂಚಿನ ಮಾಡಾದರೂ ಬೇಕು ಅಂತಿದ್ದಾರೆ, ನಾನು ಒಪ್ಪಿಲ್ಲ. ಭವನದ ಸಮಿತಿಗೆ ಅವರೇ ಅಧ್ಯಕ್ಷರು. ಎಸ್ಟಿಮೇಟ್ 18 ಲಕ್ಷ ಅಂತಾರೆ, 25 ದಾಟುತ್ತೆ ಅಂತ ನನ್ನ ಲೆಕ್ಕ.