ಹಳೆ ಇಂಪಲ್ಸ್: ರಿಪೇರಿ ಮಾಡಿಸೋದಾ, ಬದಲಾಯಿಸೋದಾ?

ಗೆಳೆಯರೇ, ಬೆಂಗಳೂರಿನ ಕನಕಪುರ ರಸ್ತೆ ಕಡೆಯ ಮಣ್ಣುದಾರಿಗೆ ಅಂತಾನೇ ಹೀರೋ ಕಂಪನಿಯ ಹಳೆ ಇಂಪಲ್ಸ್ ಬೈಕ್ ಇಟ್ಟುಕೊಂಡವರು ನಮ್ಮಲ್ಲಿ ಇದ್ದೀರಿ. ರಿಪೇರಿಗೆ ದುಡ್ಡು ಹಾಕುವ ಮುಂಚೆ ಆರ್‌ಸಿ (ನೋಂದಣಿ ಪತ್ರ) ತೆಗೆದು ನೋಡಿ. 2011ರಲ್ಲಿ ಬಂದ ಬೈಕ್ ಅದು. ನೋಂದಣಿಗೆ 15 ವರ್ಷ ತುಂಬಿದರೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ನವೀಕರಿಸಬೇಕು. ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಆಮೇಲೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಹಿಂದೆ ನಿಂತು ನೋಡಿ. ಸ್ವಲ್ಪ ನೀಲಿ ಹೊಗೆ ಬಂದು ನಿಂತರೆ ಸಾಮಾನ್ಯವಾಗಿ ಎಂಜಿನ್ ಒಳಗಿನ ವಾಲ್ವ್ ಸೀಲ್ ಸವೆದಿರುತ್ತದೆ, ಹೆದರಬೇಡಿ. ಆಕ್ಸಿಲರೇಟರ್ ತಿರುಗಿಸಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್, ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್ ಒಳಗೋಡೆ) ಸವೆದಿರಬಹುದು. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಪೈಪ್ ಮೇಲೆ ಬೆರಳಾಡಿಸಿ. ಬರೀ ಎಣ್ಣೆ ಅಂಟಿದರೆ ಸೀಲ್ ಬದಲಾಯಿಸಿ. ಉಗುರಿಗೆ ಗೀರು ಸಿಕ್ಕಿದರೆ ಹೊಸ ಸೀಲ್ ಕೂಡ ಬಾಳುವುದಿಲ್ಲ. ಚಾಸಿ ಬೆಸುಗೆ ಹತ್ತಿರ ಬಿರುಕಿದ್ದರೆ ರಿಪೇರಿ ಯೋಚನೆ ಬಿಟ್ಟು ಗಾಡಿ ಬದಲಾಯಿಸಿ, ಜೀವಕ್ಕಿಂತ ಗಾಡಿ ದೊಡ್ಡದಲ್ಲ.

ಟೈರ್, ಚೈನ್ ಸೆಟ್, ಸೀಲ್ ಇಷ್ಟೇ ಆದರೆ ನಾನಂತೂ ಉಳಿಸಿಕೊಳ್ಳುತ್ತೇನೆ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಪಾರ್ಟ್ ಸಿಗುತ್ತಾ ಅಂತ ಮೊದಲು ವಿಚಾರಿಸಿ, ಆಮೇಲೆ ಗಾಡಿ ಬಿಚ್ಚಿಸಿ. ಪವರ್ ಸಾಲದು ಅಂತ ಎಂಜಿನ್‌ಗೆ ಮಾತ್ರ ಕೈ ಹಾಕಬೇಡಿ. ಆ ದುಡ್ಡನ್ನು ಹೀರೋದ್ದೇ 200 ಸಿಸಿ ಬೈಕ್ ಎಕ್ಸ್‌ಪಲ್ಸ್‌ಗೆ ಎತ್ತಿಡಿ. ಅದರ 21 ಇಂಚಿನ ಮುಂದಿನ ಚಕ್ರ ಕಲ್ಲುದಾರಿಯನ್ನು ಸಲೀಸಾಗಿ ಹತ್ತುತ್ತದೆ.